ಸಾಲದ ಕಷ್ಟಕ್ಕೆ ಪ್ರೊಟೆಕ್ಷನ್ ವೀಸಾ ಹಾಕಿಸುವವರ ಬಗ್ಗೆ ಒಂದು ಬಹಿರಂಗ ಪತ್ರ

ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಇದರ ಮಾನ್ಯ ಉಪಾಧ್ಯಕ್ಷರಿಗೆ,
ಹಾಗೂ ಆಸ್ಟ್ರೇಲಿಯಾದ ಕನ್ನಡ ಸಂಘಗಳ ಎಲ್ಲ ಪದಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮೆಲ್ಬರ್ನ್‌ನಲ್ಲಿ ಫೀಸು ಕಟ್ಟಲಾಗದೆ, ಊರಿನ ಸಾಲದ ಕಂತು ತುಂಬಲಾಗದೆ ಒದ್ದಾಡುತ್ತಿರುವ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಪ್ರೊಟೆಕ್ಷನ್ ವೀಸಾ ಅರ್ಜಿ ಹಾಕಿಸುವ ದಂಧೆ ನಡೆಯುತ್ತಿದೆ. ಪ್ರೊಟೆಕ್ಷನ್ ವೀಸಾ ನಿರಾಶ್ರಿತರಿಗೆ ಕೊಡುವ ವೀಸಾ. ತಾಯ್ನಾಡಿಗೆ ವಾಪಸ್ ಹೋದರೆ ಹಿಂಸೆ ಕಾದಿದೆ ಅನ್ನುವವರಿಗಾಗಿ ಇರುವಂಥದ್ದು. ಅದನ್ನು "ಕೆಲಸ ಮಾಡ್ಕೊಂಡು ನಾಲ್ಕೈದು ವರ್ಷ ಆರಾಮಾಗಿ ಇರಬಹುದು" ಅಂತ ಹೇಳಿ ಮಾರುತ್ತಿದ್ದಾರೆ. ಮಾರುವವರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಅದಕ್ಕೇ ಈ ಪತ್ರವನ್ನು ಇಂಗ್ಲಿಷಿನಲ್ಲಿ ಇಲ್ಲಿನ ಸಚಿವರಿಗೆ ಬರೆಯದೆ ಕನ್ನಡದಲ್ಲಿ ತಮಗೆ ಬರೆಯುತ್ತಿದ್ದೇನೆ.

ನಾನು ವಕೀಲಳಲ್ಲ, ಏಜೆಂಟೂ ಅಲ್ಲ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ನಗರದ ಪಶ್ಚಿಮ ಭಾಗದಲ್ಲಿ ನಮ್ಮ ಮನೆ. ಸುತ್ತಮುತ್ತ ನಮ್ಮವರು ಜಾಸ್ತಿ. ಹಾಗಾಗಿ ಸರ್ಕಾರದಿಂದ ಏನಾದರೂ ಪತ್ರ ಬಂದು ಅರ್ಥವಾಗದಿದ್ದಾಗ "ಅಕ್ಕಾ, ಇದೊಂದು ನೋಡ್ತೀರಾ" ಅಂತ ಕೆಲವರು ಬರುತ್ತಾರೆ. ಓದಿ ಹೇಳುತ್ತೇನೆ, ಅಷ್ಟೇ. ಸಲಹೆ ಕೊಡುವುದಿಲ್ಲ. ಲೈಸೆನ್ಸ್ ಇಲ್ಲದವರು ವೀಸಾ ಸಲಹೆ ಕೊಟ್ಟು ದುಡ್ಡು ತೆಗೆದುಕೊಳ್ಳುವುದು ಈ ದೇಶದಲ್ಲಿ ಅಪರಾಧ. ಮುಂದೆ ಈ ಮಾತು ಮತ್ತೆ ಬರುತ್ತದೆ, ಗಮನದಲ್ಲಿರಲಿ.

ಮೊದಲು, ಈ ಮಕ್ಕಳು ಯಾಕೆ ಇಂಥ ಮಾತಿಗೆ ಬೀಳುತ್ತಾರೆ ಅನ್ನೋದನ್ನು ಹೇಳಬೇಕು. ಅವರೇನು ದಡ್ಡರಲ್ಲ. ಎರಡು ವರ್ಷದಲ್ಲಿ ನಿಯಮಗಳು ಎಷ್ಟು ಬದಲಾದವು ನೋಡಿ. ಕೋವಿಡ್ ಸಮಯದಲ್ಲಿ ವಿದ್ಯಾರ್ಥಿಗಳು ಎಷ್ಟು ಹೊತ್ತು ಬೇಕಾದರೂ ಕೆಲಸ ಮಾಡಬಹುದು ಅಂದಿದ್ದರು. 2023ರ ಜುಲೈ 1ರಿಂದ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದರು. ವೀಸಾಕ್ಕೆ ತೋರಿಸಬೇಕಾದ ಉಳಿತಾಯದ ಹಣ 2023ರ ಅಕ್ಟೋಬರಿನಲ್ಲಿ 24,505 ಡಾಲರ್ ಆಯಿತು, 2024ರ ಮೇ ತಿಂಗಳಲ್ಲಿ 29,710 ಡಾಲರ್ ಆಯಿತು. ನಮ್ಮ ಲೆಕ್ಕದಲ್ಲಿ ಹದಿನಾರು ಲಕ್ಷದ ಮೇಲೆ. ವಿದ್ಯಾರ್ಥಿ ವೀಸಾ ಅರ್ಜಿಯ ಶುಲ್ಕ 2024ರ ಜುಲೈ 1ಕ್ಕೆ 710ರಿಂದ ಒಂದೇ ಏಟಿಗೆ 1,600 ಆಯಿತು, ಮರುವರ್ಷ 2,000. ಅರ್ಜಿ ತಿರಸ್ಕಾರವಾದರೂ ಆ ದುಡ್ಡು ಬರುವುದಿಲ್ಲ. ಓದು ಮುಗಿದ ಮೇಲೆ ಸಿಗುವ 485 ವೀಸಾಕ್ಕೆ ಹೆಚ್ಚಿನವರಿಗೆ ವಯಸ್ಸಿನ ಮಿತಿ 35ಕ್ಕೆ ಇಳಿಯಿತು. ಆ ವೀಸಾದಲ್ಲಿ ಇದ್ದವರು ಇಲ್ಲಿಂದಲೇ ಮತ್ತೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವ ಹಾಗಿಲ್ಲ ಅಂತಲೂ ಆಯಿತು.

ಇದೆಲ್ಲ ಈ ದೇಶದ ಹಕ್ಕು, ನಾನು ಅದನ್ನು ಪ್ರಶ್ನೆ ಮಾಡುತ್ತಿಲ್ಲ. ಆದರೆ ಹಾಸನದಲ್ಲೋ ದಾವಣಗೆರೆಯಲ್ಲೋ ಅಪ್ಪ ಜಮೀನು ಅಡವಿಟ್ಟು, ಅಮ್ಮನ ಚಿನ್ನ ಬ್ಯಾಂಕಿನಲ್ಲಿಟ್ಟು ಕಳಿಸಿದ ಹುಡುಗನಿಗೆ, ಹಳೇ ನಿಯಮದ ಲೆಕ್ಕದಲ್ಲಿ ಹೊರಟು ಹೊಸ ನಿಯಮದ ನಡುವೆ ಬಂದಿಳಿದವನಿಗೆ, ಮುಂದಿನ ಸೆಮಿಸ್ಟರ್ ಫೀಸು ಎಲ್ಲಿಂದ ಬರಬೇಕು? ಕಾಲೇಜು ನೋಟಿಸ್ ಕೊಡುತ್ತದೆ. ನೋಂದಣಿ ರದ್ದಾದರೆ ವೀಸಾಕ್ಕೂ ಕುತ್ತು. ಊರಿಗೆ ಹೋಗೋಣ ಅಂದರೆ ಸಾಲ ಹಾಗೇ ಇದೆ. ಆ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಸಿಗುತ್ತಾರೆ. ರೂಮ್‌ಮೇಟಿನ ಪರಿಚಯದವರು, ಇಲ್ಲ ಕೆಲಸ ಮಾಡುವ ಗೋದಾಮಿನ ಸೂಪರ್‌ವೈಸರ್ ಕಡೆಯವರು. "ಯಾಕೆ ತಲೆ ಕೆಡಿಸ್ಕೋತೀಯ, ಪ್ರೊಟೆಕ್ಷನ್ ಹಾಕಿಬಿಡು. ಬ್ರಿಡ್ಜಿಂಗ್ ಬರುತ್ತೆ, ವರ್ಕ್ ರೈಟ್ಸ್ ಬರುತ್ತೆ, ಕಾಲೇಜಿಗೆ ಹೋಗೋ ಗೋಜೇ ಇಲ್ಲ. ರಿಜೆಕ್ಟ್ ಆದ್ರೆ ಅಪೀಲು. ಅಷ್ಟರಲ್ಲಿ ಸಾಲ ತೀರಿರುತ್ತೆ."

ಬ್ರಿಡ್ಜಿಂಗ್ ಅಂದರೆ ತಾತ್ಕಾಲಿಕ ವೀಸಾ, ವರ್ಕ್ ರೈಟ್ಸ್ ಅಂದರೆ ಕೆಲಸ ಮಾಡುವ ಅನುಮತಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಸರ್ಕಾರಕ್ಕೆ ಕಟ್ಟುವ ಶುಲ್ಕ ನೂರು ಡಾಲರೂ ಇಲ್ಲ. ಈ ಪುಣ್ಯಾತ್ಮರು ತೆಗೆದುಕೊಳ್ಳುವುದು ಸಾವಿರಗಳಲ್ಲಿ, ಅದೂ ಕ್ಯಾಶ್, ರಸೀದಿ ಇಲ್ಲ. ಅರ್ಜಿದಾರನ ಆನ್‌ಲೈನ್ ಖಾತೆಯ ಪಾಸ್‌ವರ್ಡ್ ಕೂಡ ಅವರ ಹತ್ತಿರವೇ ಇರುತ್ತದೆ. ತನ್ನ ಹೆಸರಿನಲ್ಲಿ ಏನು ಬರೆದು ಕಳಿಸಿದ್ದಾರೆ ಅಂತ ನೋಡದೇ ಇರುವ ಹುಡುಗರನ್ನು ನಾನು ಕಂಡಿದ್ದೇನೆ.

ಕಾನೂನು ಏನು ಹೇಳುತ್ತದೆ ಅನ್ನೋದನ್ನು ನನಗೆ ತಿಳಿದ ಮಟ್ಟಿಗೆ ಸರಳವಾಗಿ ಬರೆಯುತ್ತೇನೆ. ಕನ್ನಡದಲ್ಲಿ ಇದನ್ನು ಯಾರೂ ಈ ಮಕ್ಕಳಿಗೆ ಹೇಳಿಲ್ಲ, ಅದೇ ದೊಡ್ಡ ಕೊರತೆ.

ಆಸ್ಟ್ರೇಲಿಯಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿದ ದೇಶ. ಆ ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸಿಕೊಳ್ಳಲು ಕಿರುಕುಳದ ಭಯ ಇರಬೇಕು, ಆ ಭಯಕ್ಕೆ ಆಧಾರ ಇರಬೇಕು, ಮತ್ತು ಆ ಕಿರುಕುಳ ಐದು ಕಾರಣಗಳಲ್ಲಿ ಒಂದಕ್ಕಾಗಿ ಬರುತ್ತಿರಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು. ಈ ಐದರಲ್ಲಿ ಬಡತನ ಇಲ್ಲ. ಸಾಲ ಇಲ್ಲ. ನಿರುದ್ಯೋಗ ಇಲ್ಲ. ಮಳೆ ಬರಲಿಲ್ಲ, ಬೋರ್‌ವೆಲ್ ಬತ್ತಿತು, ಅಡಿಕೆಗೆ ರೋಗ ಬಂತು ಅನ್ನೋದೂ ಇಲ್ಲ. ಇವು ಕಷ್ಟಗಳಲ್ಲ ಅಂತಲ್ಲ. ಆ ಕಷ್ಟ ನಿಮ್ಮನ್ನು ಗುರುತಿಸಿ, ನೀವು ಇಂಥವರು ಅನ್ನೋ ಕಾರಣಕ್ಕೆ ಯಾರೋ ತಂದೊಡ್ಡಿದ್ದಲ್ಲ, ಅಷ್ಟೇ.

ಹಾಗಂತ ಹಣದ ಕಷ್ಟಕ್ಕೆ ಈ ಕಾನೂನಿನಲ್ಲಿ ಜಾಗವೇ ಇಲ್ಲ ಅಂದುಕೊಂಡರೆ ಅದೂ ತಪ್ಪು. ಇಲ್ಲಿನ 1958ರ ವಲಸೆ ಕಾಯ್ದೆಯ 5ಜೆ ಕಲಮಿನಲ್ಲಿ "ಗಂಭೀರ ಹಾನಿ" ಅಂದರೆ ಏನು ಅನ್ನೋದಕ್ಕೆ ಕೆಲವು ಉದಾಹರಣೆ ಕೊಟ್ಟಿದ್ದಾರೆ. ಜೀವಕ್ಕೆ, ಸ್ವಾತಂತ್ರ್ಯಕ್ಕೆ ಬೆದರಿಕೆ ಇದೆ, ದೈಹಿಕ ಹಿಂಸೆ ಇದೆ. ಅದರ ಜೊತೆಗೇ ಇನ್ನೂ ಮೂರು ಇವೆ. ಬದುಕಿ ಉಳಿಯುವುದೇ ಕಷ್ಟ ಅನ್ನುವಷ್ಟು ದೊಡ್ಡ ಆರ್ಥಿಕ ಸಂಕಷ್ಟ. ಮೂಲ ಸೌಕರ್ಯಗಳನ್ನು ಕೊಡದೆ ಹೊಟ್ಟೆಗೆ ಬಟ್ಟೆಗೆ ಗತಿ ಇಲ್ಲದಂತೆ ಮಾಡುವುದು. ಯಾವ ರೀತಿಯಲ್ಲೂ ಸಂಪಾದನೆ ಮಾಡದಂತೆ ತಡೆದು ಅದೇ ಸ್ಥಿತಿಗೆ ತರುವುದು. ಅಂದರೆ ದುಡ್ಡಿನ ಕಷ್ಟವೂ ಕಿರುಕುಳ ಆಗಬಹುದು. ಆದರೆ ಅದು ಉಪವಾಸದ ಅಂಚಿನ ಕಷ್ಟ ಆಗಿರಬೇಕು, ಮೇಲೆ ಹೇಳಿದ ಐದು ಕಾರಣಗಳಲ್ಲಿ ಒಂದು ಅದರ ಹಿಂದಿನ ಮುಖ್ಯ ಕಾರಣ ಆಗಿರಬೇಕು, ಬೇಕಂತಲೇ ತಾರತಮ್ಯದಿಂದ ಮಾಡಿದ್ದಾಗಿರಬೇಕು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಕೈಪಿಡಿ ಕೂಡ ಇದನ್ನೇ ಹೇಳುತ್ತದೆ. ದುಡಿಮೆಗಾಗಿ ದೇಶ ಬಿಟ್ಟವನು ವಲಸಿಗ. ಆದರೆ ಒಂದು ಗುಂಪಿನ ಬದುಕನ್ನೇ ಮುರಿಯಲು ಆರ್ಥಿಕ ಕ್ರಮಗಳನ್ನು ಬಳಸಿದರೆ, ಅದರಿಂದ ಓಡಿ ಬಂದವನು ನಿರಾಶ್ರಿತ ಆಗಬಹುದು.

ನಮ್ಮ ನಾಡಿನವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಬರ ಬಂದು ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋದ ಕುಟುಂಬದ ಕಷ್ಟ ಒಂದು. ಊರಿನವರೆಲ್ಲ ಸೇರಿ ಒಂದು ಕೇರಿಗೆ ಬಹಿಷ್ಕಾರ ಹಾಕಿ, ಅಂಗಡಿಯಲ್ಲಿ ಸಾಮಾನು ಕೊಡದೆ, ಕೂಲಿಗೆ ಕರೆಯದೆ, ಗಿರಣಿಯಲ್ಲಿ ರಾಗಿ ಬೀಸಿಕೊಡದೆ ಮಾಡಿದಾಗ ಬರುವ ಕಷ್ಟ ಇನ್ನೊಂದು. ಎರಡರಲ್ಲೂ ಒಲೆ ಉರಿಯುವುದಿಲ್ಲ. ಕಾನೂನು ನೋಡುವುದು ಒಲೆ ಯಾಕೆ ಉರಿಯುತ್ತಿಲ್ಲ ಅನ್ನೋದನ್ನು.

ಎರಡನೇ ಥರದ ಕಷ್ಟ ಇದ್ದರೂ ಮುಗಿಯಲಿಲ್ಲ. ಇನ್ನೂ ಎರಡು ಪ್ರಶ್ನೆ ಬರುತ್ತವೆ. ನಿಮ್ಮ ದೇಶದ ಬೇರೆ ಭಾಗಕ್ಕೆ ಹೋಗಿ ಸುರಕ್ಷಿತವಾಗಿ ಇರಬಹುದಾ? ನಿಮ್ಮ ಸರ್ಕಾರ, ಪೊಲೀಸರು ರಕ್ಷಣೆ ಕೊಡುತ್ತಾರಾ? ಭಾರತದಂಥ ದೊಡ್ಡ ದೇಶದಿಂದ ಬಂದವರಿಗೆ ಮೊದಲನೇ ಪ್ರಶ್ನೆಯೇ ಕಂಟಕ. ಮಂಡ್ಯದಲ್ಲಿ ಸಾಲ ಕೊಟ್ಟವರ ಕಾಟ ಅಂದರೆ ಪುಣೆಗೆ ಹೋಗಬಹುದಲ್ಲ ಅಂತ ಕೇಳುತ್ತಾರೆ. ಎರಡನೇ ಪ್ರಶ್ನೆಗೆ ನಮ್ಮ ರಾಜ್ಯವೇ ಉತ್ತರ ಕೊಟ್ಟಿದೆ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತಲ್ಲ, ಆಗ ಸರ್ಕಾರ ಸುಗ್ರೀವಾಜ್ಞೆ ತಂತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಆಮೇಲೆ ಫೆಬ್ರವರಿಯಲ್ಲಿ ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದು ಹಳ್ಳಿಯಲ್ಲಿ ಎಷ್ಟು ಜಾರಿಯಾಗಿದೆ ಅನ್ನೋದು ಬೇರೆ ಮಾತು. ಮೆಲ್ಬರ್ನ್‌ನಲ್ಲಿ ಕೂತು "ಸಾಲ ಕೊಟ್ಟವರಿಂದ ನನಗೆ ರಕ್ಷಣೆಯೇ ಇಲ್ಲ" ಅಂತ ಬರೆದರೆ, ಅಧಿಕಾರಿ ಆ ಕಾನೂನನ್ನೇ ಮುಂದಿಟ್ಟು ಕೇಳಬಹುದು. ಏಜೆಂಟಿಗೆ ಇದು ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಅರ್ಜಿ ಗೆಲ್ಲಬೇಕು ಅನ್ನೋ ಉದ್ದೇಶವೇ ಅವರಿಗಿಲ್ಲ.

ಉದ್ದೇಶ ಇರುವುದು ಬ್ರಿಡ್ಜಿಂಗ್ ವೀಸಾದ ಮೇಲೆ. ಅರ್ಜಿ ತೀರ್ಮಾನ ಆಗುವವರೆಗೆ ಇಲ್ಲಿರಲು ಕೊಡುವ ತಾತ್ಕಾಲಿಕ ಅನುಮತಿ ಅದು. ಅದರಲ್ಲಿ ಕೆಲಸಕ್ಕೆ ಅನುಮತಿ ಇಲ್ಲದಿದ್ದರೆ ಕೇಳಿ ಪಡೆಯಬಹುದು, ಮತ್ತು ಆಗ ಹಣದ ಕಷ್ಟ ಇದೆ ಅಂತ ದಾಖಲೆ ಸಮೇತ ತೋರಿಸಬೇಕು. ಎಲ್ಲ ಗೊಂದಲ ಹುಟ್ಟುವುದು ಇಲ್ಲೇ. ಬಾಡಿಗೆ ಕಟ್ಟಲು ದುಡ್ಡಿಲ್ಲ, ಸಾಲ ಇದೆ ಅನ್ನೋದು ಬ್ರಿಡ್ಜಿಂಗ್ ವೀಸಾದಲ್ಲಿ ಕೆಲಸದ ಅನುಮತಿ ಕೇಳುವಾಗ ಉಪಯೋಗಕ್ಕೆ ಬರುವ ಮಾತು. ಪ್ರೊಟೆಕ್ಷನ್ ವೀಸಾ ಸಿಗಲು ಅದು ಆಧಾರವೇ ಅಲ್ಲ. ಹುಡುಗರಿಗೆ ಇವೆರಡೂ ಒಂದೇ ಅಂತ ಹೇಳಿ ನಂಬಿಸುತ್ತಾರೆ. "ಕಷ್ಟ ಇದೆ ಅಂತ ಬರೆದ್ವಿ, ವರ್ಕ್ ರೈಟ್ಸ್ ಕೊಟ್ರಲ್ಲ, ಹಾಗಾದ್ರೆ ಕೇಸು ಗಟ್ಟಿ ಇದೆ" ಅಂತ ಒಬ್ಬ ಹುಡುಗ ನನಗೇ ಸಮಾಧಾನ ಹೇಳಿದ.

ಆಮೇಲೆ ಏನಾಗುತ್ತದೆ? ಒಂದು ದಿನ ತಿರಸ್ಕಾರದ ಪತ್ರ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಹಳೇ ಮೇಲ್ಮನವಿ ಮಂಡಳಿ ಹೋಗಿ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್ ಬಂದಿದೆ. ಅಲ್ಲಿ 28 ದಿನದೊಳಗೆ ಅರ್ಜಿ ಹಾಕಬೇಕು. ಹಾಕುವಾಗ ದುಡ್ಡು ಕಟ್ಟುವಂತಿಲ್ಲ, ಸೋತರೆ ಸುಮಾರು ಎರಡು ಸಾವಿರ ಡಾಲರ್ ಕಟ್ಟಬೇಕು. ಈ ಕೊನೆಯ ಮಾತನ್ನು ಏಜೆಂಟರು ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲೂ ಸೋತರೆ ಕೋರ್ಟು. ಕೋರ್ಟಿನಲ್ಲಿ ನಿಮ್ಮ ಕಷ್ಟ ಮತ್ತೆ ಕೇಳುವುದಿಲ್ಲ, ಕಾನೂನಿನ ತಪ್ಪು ನಡೆದಿದೆಯಾ ಅಂತ ಮಾತ್ರ ನೋಡುತ್ತಾರೆ.

ಈ ನಡುವೆ ವಿದ್ಯಾರ್ಥಿ ವೀಸಾ ಮುಗಿದಿರುತ್ತದೆ. ಕೈಯಲ್ಲಿ ಬೇರೆ ವೀಸಾ ಇಲ್ಲದೆ ತಿರಸ್ಕಾರ ಆದವರು ಆಸ್ಟ್ರೇಲಿಯಾದ ಒಳಗಿಂದ ಹೆಚ್ಚಿನ ವೀಸಾಗಳಿಗೆ ಅರ್ಜಿ ಹಾಕುವಂತಿಲ್ಲ, 48ನೇ ಕಲಂ ಅಡ್ಡ ಬರುತ್ತದೆ. ಇನ್ನೊಮ್ಮೆ ಪ್ರೊಟೆಕ್ಷನ್ ಅರ್ಜಿ ಹಾಕುವಂತಿಲ್ಲ, ಅದಕ್ಕೆ 48ಎ ಇದೆ, ಸಚಿವರೇ ಮನಸ್ಸು ಮಾಡಬೇಕು. ಗಡುವು ಮೀರಿ ಉಳಿದು ಆಮೇಲೆ ಹೊರಟರೆ ಎಷ್ಟೋ ಜನಕ್ಕೆ ಮೂರು ವರ್ಷ ವಾಪಸ್ ಬರಲು ತಡೆ. ನಾಲ್ಕು ವರ್ಷ ದುಡಿದು ಸಾಲ ತೀರಿಸಿದ ಹುಡುಗನಿಗೆ ಆ ಹೊತ್ತಿಗೆ ಓದೂ ಇರುವುದಿಲ್ಲ, ಡಿಗ್ರಿಯೂ ಇರುವುದಿಲ್ಲ, ಪಿಆರ್, ಅಂದರೆ ಕಾಯಂ ಆಗಿ ಇಲ್ಲೇ ಇರುವ ಅನುಮತಿ, ಅದರ ದಾರಿಯೂ ಮುಚ್ಚಿರುತ್ತದೆ.

ಊರಿಗೆ ಹೋಗಿ ಬರುವುದಂತೂ ಇಲ್ಲವೇ ಇಲ್ಲ. ಬ್ರಿಡ್ಜಿಂಗ್ ಎ ವೀಸಾದಲ್ಲಿ ದೇಶ ಬಿಟ್ಟರೆ ಆ ವೀಸಾ ಅಲ್ಲಿಗೆ ಮುಗಿಯಿತು. ಪ್ರಯಾಣಕ್ಕೆ ಬೇರೆ ಅನುಮತಿ ತೆಗೆದುಕೊಂಡು ಹೋದರೂ, ಜೀವಭಯ ಇದೆ ಅಂದ ಊರಿಗೇ ರಜೆಗೆ ಹೋಗಿ ಬಂದವನ ಮಾತನ್ನು ಯಾರು ನಂಬುತ್ತಾರೆ? ತಾಯಿ ತೀರಿಕೊಂಡಾಗ ವಿಡಿಯೋ ಕರೆಯಲ್ಲಿ ಮಣ್ಣು ನೋಡಿದ ಮಗಳೊಬ್ಬಳು ನಮ್ಮ ಬೀದಿಯಲ್ಲೇ ಇದ್ದಾಳೆ. ಅವಳಿಗೆ ಊರಲ್ಲಿ ಯಾರ ಭಯವೂ ಇರಲಿಲ್ಲ. ಇದ್ದದ್ದು ಬ್ಯಾಂಕಿನ ಕಂತು ಒಂದೇ.

ನನಗೆ ಇದಕ್ಕಿಂತಲೂ ಜಾಸ್ತಿ ಸಿಟ್ಟು ಬರಿಸಿದ್ದು ಇನ್ನೊಬ್ಬ ಹುಡುಗನ ವಿಷಯ. ಊರು, ಜಿಲ್ಲೆ ಹೇಳುವುದಿಲ್ಲ. ಮೇಲೆ ಬಹಿಷ್ಕಾರದ ಮಾತು ಬರೆದೆನಲ್ಲ, ಅಂಥದ್ದೇ ಅವನ ಮನೆಯ ಕಥೆ. ಅಣ್ಣ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ ಮೇಲೆ ಊರಿನವರು ಆ ಮನೆಯನ್ನು ಪೂರ್ತಿ ದೂರ ಇಟ್ಟರು. ಅಪ್ಪನಿಗೆ ಕೆಲಸ ಹೋಯಿತು, ಒಂದು ಸಲ ಹೊಡೆತವೂ ಬಿತ್ತು, ಪೊಲೀಸರು ದೂರು ತೆಗೆದುಕೊಳ್ಳದೆ ರಾಜಿ ಮಾಡಿಸಿ ಕಳಿಸಿದರು. ಬೆಂಗಳೂರಿನ ಸೋದರಮಾವ ತನ್ನ ಮನೆ ಅಡವಿಟ್ಟು ಇವನನ್ನು ಓದಲು ಕಳಿಸಿದರು. ಇವನ ಅರ್ಜಿಯಲ್ಲಿ ಏಜೆಂಟ್ ಇದರಲ್ಲಿ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಬರೆದದ್ದು "ಖಾಸಗಿ ಸಾಲ ಕೊಟ್ಟವರ ಗೂಂಡಾಗಳು ಕೊಲ್ಲುವುದಾಗಿ ಬೆದರಿಸಿದ್ದಾರೆ" ಅಂತ. ಅದೇ ವಾಕ್ಯ, ಅದೇ ಕಾಗುಣಿತದ ತಪ್ಪಿನ ಸಮೇತ, ಇನ್ನೊಬ್ಬಳ ಅರ್ಜಿಯಲ್ಲೂ ನಾನು ಓದಿದ್ದೆ. ಇವನು ಯಾವ ಖಾಸಗಿಯವರ ಹತ್ತಿರವೂ ಸಾಲ ಮಾಡಿದವನಲ್ಲ.

ಅವನ ನಿಜ ಕಥೆ ಬರೆದಿದ್ದರೆ ವೀಸಾ ಸಿಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಮಾವನ ಮನೆಯಲ್ಲಿ ಇರಬಹುದಲ್ಲ ಅಂತ ಕೇಳುತ್ತಿದ್ದರೇನೋ. ಆದರೆ ಅದು ಅಧಿಕಾರಿ ಕೂತು ಕೇಳಬೇಕಾದ ಕಥೆ ಆಗಿತ್ತು. ಈಗ ಅದನ್ನು ಟ್ರಿಬ್ಯೂನಲ್ ಮುಂದೆ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಅನ್ನೋ ಪ್ರಶ್ನೆ ಬರುತ್ತದೆ. ಸರಿಯಾದ ಕಾರಣ ಇಲ್ಲದೆ ತಡವಾಗಿ ಹೇಳಿದ ವಿಷಯವನ್ನು ಅನುಮಾನದಿಂದಲೇ ನೋಡಬೇಕು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ಸುಳ್ಳು ಮೊದಲು ಹೋಗಿ ಕೂತಿದ್ದರಿಂದ ನಿಜಕ್ಕೆ ಬೆಲೆ ಇಲ್ಲದಂತಾಯಿತು. ಇದಕ್ಕೂ ಅವನೇ ದುಡ್ಡು ಕೊಟ್ಟಿದ್ದಾನೆ, ನೋಡಿ.

ಇಂಥ ಅರ್ಜಿಗಳು ಸಾಲು ಸಾಲಾಗಿ ಬಂದರೆ ತೊಂದರೆ ನಮ್ಮವರಿಗೆ ಮಾತ್ರ ಅಲ್ಲ. ಅಫ್ಘಾನಿಸ್ತಾನದಿಂದ, ಮ್ಯಾನ್ಮಾರಿನಿಂದ, ಇರಾನಿನಿಂದ ಬಂದು ಅದೇ ಸಾಲಿನಲ್ಲಿ ಕಾಯುತ್ತಿರುವವರ ಸರದಿ ಹಿಂದೆ ಹೋಗುತ್ತದೆ. ನಿರಾಶ್ರಿತರು ಅಂದರೆ ಯಾರು ಅಂತ ನಮ್ಮ ನಾಡಿಗೆ ಗೊತ್ತಿಲ್ಲದ ವಿಷಯ ಅಲ್ಲ. ಭಾರತ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ, ಆದರೂ 1960ರ ದಶಕದಲ್ಲಿ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಟಿಬೆಟಿಯನ್ನರಿಗೆ ಭೂಮಿ ಕೊಟ್ಟಿತು.

ಆಸ್ಟ್ರೇಲಿಯಾ ಸರ್ಕಾರದ ಪಾಲೂ ಇದರಲ್ಲಿ ಇದೆ, ಅದನ್ನು ಬಿಟ್ಟು ಬರೆದರೆ ಅನ್ಯಾಯ. ಅರ್ಜಿ, ಮೇಲ್ಮನವಿ, ಕೋರ್ಟು ಎಲ್ಲ ಸೇರಿ ವರ್ಷಗಟ್ಟಲೆ ಎಳೆಯುತ್ತಿದ್ದದ್ದೇ ಈ ದಂಧೆಯ ಬಂಡವಾಳ. ನಾಳೆಯೇ ಉತ್ತರ ಬರುತ್ತದೆ ಅಂದರೆ ಯಾರು ದುಡ್ಡು ಕೊಟ್ಟು ಸುಳ್ಳು ಅರ್ಜಿ ಹಾಕಿಸುತ್ತಾರೆ? ವಿಕ್ಟೋರಿಯಾದ ಹಿಂದಿನ ಪೊಲೀಸ್ ಮುಖ್ಯಸ್ಥೆ ಕ್ರಿಸ್ಟೀನ್ ನಿಕ್ಸನ್ ಅವರು ವೀಸಾ ವ್ಯವಸ್ಥೆಯ ದುರುಪಯೋಗದ ಬಗ್ಗೆ ವರದಿ ಕೊಟ್ಟರು. ಅದು ಹೊರಬಂದ ಬೆನ್ನಿಗೇ, 2023ರ ಅಕ್ಟೋಬರಿನಲ್ಲಿ, ಆಗಿನ ಸಚಿವರಾದ ಕ್ಲೇರ್ ಓ'ನೀಲ್ ಮತ್ತು ಆಂಡ್ರ್ಯೂ ಜೈಲ್ಸ್ 160 ಮಿಲಿಯನ್ ಡಾಲರಿನ ಯೋಜನೆ ಪ್ರಕಟಿಸಿದರು. ಹೊಸದಾಗಿ ಬಂದ ಅರ್ಜಿಗಳನ್ನೇ ಮೊದಲು ತೀರ್ಮಾನ ಮಾಡುವುದು ಅದರ ಮುಖ್ಯ ಅಂಶ. ಒಳ್ಳೇದೇ. ಅಂದರೆ "ನಾಲ್ಕೈದು ವರ್ಷ ಆರಾಮು" ಅನ್ನೋ ಏಜೆಂಟಿನ ಮಾತು ಹಳೇ ಕಾಲದ್ದು. ಇವತ್ತು ಅರ್ಜಿ ಹಾಕಿದವನಿಗೆ ತಿರಸ್ಕಾರ ಬೇಗ ಬರಬಹುದು. ಹಳೇ ಅರ್ಜಿಯವರು ಮಾತ್ರ ಇನ್ನೂ ಕಾಯುತ್ತಲೇ ಇದ್ದಾರೆ, ಅದರಲ್ಲಿ ನಿಜವಾದ ನಿರಾಶ್ರಿತರೂ ಇದ್ದಾರೆ. ಅದು ಸರಿಯಲ್ಲ.

ಇನ್ನು ಕೋರಿಕೆಗಳು.

ಸಮಿತಿಯ ಉಪಾಧ್ಯಕ್ಷರಲ್ಲಿ ಮೊದಲನೆಯದಾಗಿ ಕೇಳುವುದು ಇಷ್ಟು. ಹೊರಡುವ ಮೊದಲೇ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಕನ್ನಡದಲ್ಲಿ ಒಂದು ಮಾಹಿತಿ ಪುಸ್ತಿಕೆ ಸಿಗಲಿ. ಎಂಟ್ಹತ್ತು ಪುಟ ಸಾಕು. ಉಳಿತಾಯ ಎಷ್ಟು ತೋರಿಸಬೇಕು, ಎಷ್ಟು ಗಂಟೆ ಕೆಲಸ ಮಾಡಬಹುದು, ಆ ಸಂಬಳದಲ್ಲಿ ಫೀಸು ಹುಟ್ಟುವುದಿಲ್ಲ, ಪ್ರೊಟೆಕ್ಷನ್ ವೀಸಾ ಸಾಲಕ್ಕಲ್ಲ, ಇಷ್ಟು ಇದ್ದರೆ ಸಾಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಇಟ್ಟರೆ ಯಾರೂ ಓದುವುದಿಲ್ಲ. ಶಿಕ್ಷಣ ಸಾಲ ಕೊಡುವ ಬ್ಯಾಂಕಿನಲ್ಲಿ, ಸಾಲದ ಪತ್ರಕ್ಕೆ ಸಹಿ ಹಾಕಿಸುವ ಮೇಜಿನ ಮೇಲೆ ಇಡಬೇಕು. ಅಪ್ಪ ಅಮ್ಮ ಬಂದು ಕೂರುವುದು ಅಲ್ಲೇ.

ಎರಡನೆಯದು ಏಜೆಂಟರ ವಿಷಯ. ವಿದೇಶದ ಕೆಲಸಕ್ಕೆ ಜನ ಕಳಿಸುವವರಿಗೆ ಭಾರತದಲ್ಲಿ 1983ರ ವಲಸೆ ಕಾಯ್ದೆ ಇದೆ, ನೋಂದಣಿ ಬೇಕು. ಓದಿಗೆ ಕಳಿಸುವ ಕನ್ಸಲ್ಟೆನ್ಸಿಗಳು ಅದರ ಹಿಡಿತಕ್ಕೆ ಬರುವುದಿಲ್ಲ. ಒಂದು ಬೋರ್ಡು, ಎರಡು ಕಂಪ್ಯೂಟರು ಇದ್ದರೆ ಕನ್ಸಲ್ಟೆನ್ಸಿ. ಪಂಜಾಬಿನಲ್ಲಿ 2012ರಲ್ಲೇ ಟ್ರಾವೆಲ್ ಏಜೆಂಟರು, ವೀಸಾ ಕನ್ಸಲ್ಟೆಂಟರು ಲೈಸೆನ್ಸ್ ತೆಗೆದುಕೊಳ್ಳಲೇಬೇಕು ಅನ್ನೋ ಕಾನೂನು ತಂದರು. ಅದರಿಂದ ಅಲ್ಲಿ ಎಲ್ಲ ಸರಿಹೋಯಿತು ಅಂತಲ್ಲ, ಆದರೆ ಮೋಸ ಹೋದವನಿಗೆ ದೂರು ಕೊಡಲು ಒಂದು ಕಲಂ ಆದರೂ ಇದೆ. ನಮ್ಮಲ್ಲೂ ಅಂಥದ್ದು ಬರಲಿ ಅಂತ ಮುಖ್ಯಮಂತ್ರಿಗಳ ಮುಂದೆ ತಾವು ಇಡಬೇಕು. ಸಮಿತಿಯ ಅಧ್ಯಕ್ಷರೂ ಅವರೇ ಅಲ್ವಾ.

ಕನ್ನಡ ಸಂಘಗಳವರಿಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಪ್ರಾಯೋಜಕರು ಬೇಕು ನಿಜ. ಆದರೆ ವೇದಿಕೆಯ ಬ್ಯಾನರಿನ ಮೇಲೆ ವೀಸಾ ಸೇವೆ ಅಂತ ಹೆಸರು ಹಾಕುವ ಮೊದಲು ಅವರ ನೋಂದಣಿ ಸಂಖ್ಯೆ ಕೇಳಿ. ವಲಸೆ ಏಜೆಂಟರ ನೋಂದಣಿ ಪ್ರಾಧಿಕಾರದ ಪಟ್ಟಿ ಆನ್‌ಲೈನಿನಲ್ಲೇ ಇದೆ, ಹೆಸರು ಹುಡುಕಲು ಎರಡು ನಿಮಿಷ. ಪಟ್ಟಿಯಲ್ಲಿ ಇಲ್ಲ, ವಕೀಲರೂ ಅಲ್ಲ ಅಂದರೆ ಅವರು ವೀಸಾ ಸಲಹೆಗೆ ದುಡ್ಡು ತೆಗೆದುಕೊಳ್ಳುವುದೇ ಅಪರಾಧ. ಅಂಥವರಿಗೆ ಸಂಘದ ಶಾಲು ಹೊದಿಸಿದರೆ, ಸಭೆಯಲ್ಲಿ ಕೂತ ಹೊಸ ಹುಡುಗನಿಗೆ ಅದೇ ಸರ್ಟಿಫಿಕೇಟು.

ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಹಣದ ಕಷ್ಟಕ್ಕೆ ನಿಜವಾಗಿ ಇರುವ ದಾರಿಗಳನ್ನು ಹೇಳುವ ಒಂದು ಸಂಜೆ ಇಟ್ಟುಕೊಳ್ಳಿ. ಕಾಲೇಜಿನಲ್ಲಿ ಫೀಸನ್ನು ಕಂತಾಗಿ ಕಟ್ಟಲು ಕೇಳಬಹುದು. ಗಂಭೀರ ಕಾರಣ ಇದ್ದರೆ ಓದನ್ನು ಸ್ವಲ್ಪ ಕಾಲ ಮುಂದೂಡಲು ಅರ್ಜಿ ಕೊಡಬಹುದು. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಕಷ್ಟದಲ್ಲಿರುವವರಿಗೆ ತುರ್ತು ನಿಧಿ ಇದೆ, ಕೇಳುವವರೇ ಇಲ್ಲ. ಕೆಲಸದಲ್ಲಿ ಸಂಬಳ ಕದ್ದರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಮಾಲೀಕನ ಶೋಷಣೆಗೆ ಸಿಕ್ಕಿಬಿದ್ದವರಿಗೆ 2024ರ ಜುಲೈನಲ್ಲಿ ವರ್ಕ್‌ಪ್ಲೇಸ್ ಜಸ್ಟಿಸ್ ವೀಸಾ ಅಂತ ಪ್ರಾಯೋಗಿಕವಾಗಿ ತಂದರು. ಊರಿನ ಬ್ಯಾಂಕಿನಲ್ಲಿ ಕಂತಿನ ಅವಧಿ ಬದಲಾಯಿಸಿಕೊಡಿ ಅಂತ ಕೇಳಬಹುದು. ಇದ್ಯಾವುದೂ ಸುಲಭ ಅಲ್ಲ, ಆದರೆ ಇದ್ಯಾವುದರಲ್ಲೂ ಸುಳ್ಳು ಹೇಳಬೇಕಾಗಿಲ್ಲ.

ನಿಜವಾಗಿ ಭಯ ಇರುವವರು ಹೆದರಿ ಸುಮ್ನೆ ಕೂರಬಾರದು, ಅದನ್ನೂ ಅದೇ ಸಂಜೆ ಹೇಳಬೇಕು. ಜಾತಿಯ ಕಾರಣಕ್ಕೆ, ಧರ್ಮದ ಕಾರಣಕ್ಕೆ, ಮದುವೆಯ ಕಾರಣಕ್ಕೆ, ಗಂಡು ಗಂಡನ್ನು ಪ್ರೀತಿಸಿದ ಕಾರಣಕ್ಕೆ ಮನೆಗೆ ಹೋಗಲಾರದವರು ನಮ್ಮಲ್ಲೂ ಇದ್ದಾರೆ. ಅವರು ಏಜೆಂಟಿನ ಹತ್ತಿರ ಹೋಗುವ ಬದಲು ಮೆಲ್ಬರ್ನ್‌ನಲ್ಲಿ ರೆಫ್ಯೂಜಿ ಲೀಗಲ್, ಅಸೈಲಂ ಸೀಕರ್ ರಿಸೋರ್ಸ್ ಸೆಂಟರ್, ಸಿಡ್ನಿಯಲ್ಲಿ ಆರ್‌ಎಸಿಎಸ್ ಇಂಥ ಕಡೆ ಕೇಳಲಿ, ಫೀಸು ಇಲ್ಲದೆ ಕಾನೂನು ನೆರವು ಕೊಡುವ ಸಂಸ್ಥೆಗಳು ಇವು. ಇಂಗ್ಲಿಷ್ ತೊಡಕಾದರೆ 131 450ಕ್ಕೆ ಫೋನು ಮಾಡಿ ದುಭಾಷಿ ಬೇಕು ಅನ್ನಲಿ. ಹೇಳುವ ಕಥೆ ತಮ್ಮದೇ ಆಗಿರಲಿ, ಮೊದಲ ದಿನವೇ ಪೂರ್ತಿ ಹೇಳಲಿ.

ಈಗಾಗಲೇ ಇನ್ನೊಬ್ಬರು ಬರೆದ ಅರ್ಜಿಗೆ ಸಹಿ ಹಾಕಿ ಕೂತಿರುವವರು ಈ ಪತ್ರ ಓದುತ್ತಿದ್ದರೆ, ನಿಮ್ಮ ಖಾತೆಯ ಪಾಸ್‌ವರ್ಡ್ ವಾಪಸ್ ತೆಗೆದುಕೊಳ್ಳಿ. ಏನು ಬರೆದಿದ್ದಾರೆ ಅಂತ ಓದಿ. ಆಮೇಲೆ ಮೇಲೆ ಹೇಳಿದ ಸಂಸ್ಥೆಗಳಲ್ಲಿ ಒಂದಕ್ಕೆ ಹೋಗಿ, ತಿರಸ್ಕಾರದ ಪತ್ರ ಬರುವವರೆಗೆ ಕಾಯಬೇಡಿ.

ಕೊನೆಯದಾಗಿ ಸಂಘಗಳಿಗೆ. ಆ ಮಾಹಿತಿ ಸಂಜೆಗೆ ನೋಂದಾಯಿತ ಏಜೆಂಟ್ ಒಬ್ಬರು, ವಲಸೆ ವಕೀಲರೊಬ್ಬರು ಬಂದರೆ ಸಾಕು. ಹಾಲ್ ಬಾಡಿಗೆಯಲ್ಲಿ ನನ್ನ ಪಾಲು ಕೊಡುತ್ತೇನೆ, ಕುರ್ಚಿ ಹಾಕಲು, ಕಾಫಿ ಮಾಡಲು ನಮ್ಮ ಬೀದಿಯವರು ಬರುತ್ತಾರೆ. ಮುಂದಿನ ಸೆಮಿಸ್ಟರ್ ಫೀಸಿನ ಗಡುವಿಗೆ ಮೊದಲು ಇಟ್ಟುಕೊಂಡರೆ ಒಳ್ಳೆಯದು. ಏಜೆಂಟರು ಹುಡುಗರನ್ನು ಹಿಡಿಯುವುದು ಆ ವಾರದಲ್ಲೇ.

ಇಂತಿ ತಮ್ಮ,
ಮೆಲ್ಬರ್ನ್‌ನ ಒಬ್ಬ ಕನ್ನಡತಿ